ಸಿಡಿಲು ಸೀಳಿ ತೋರಿಸಿದ ಗುಂಬಜ್

ಬೀದರಿನಿಂದ ಪೂರ್ವಕ್ಕೆ ಮೂರು ಕಿಲೋಮೀಟರಿನಷ್ಟು ಹೋದರೆ ಅಷ್ಟೂರು. ಅಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಬಂದವರೆಲ್ಲ ಮೊದಲು ಹೋಗುವುದು 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯ ಗೋರಿಗೆ. ಒಳಗೋಡೆಯ ಬಣ್ಣದ ಚಿತ್ತಾರ ಅಷ್ಟು ಚೆಂದ. ನಾವು ಮಾತ್ರ ಅದೇ ಸಾಲಿನ ಮುರುಕು ಕಟ್ಟಡದ ಹತ್ತಿರ ಹೋಗೋಣ. ಅದು ಹುಮಾಯೂನ್ ಶಾನ ಗೋರಿ. ದೆಹಲಿಯ ಮೊಗಲ್ ಹುಮಾಯೂನ್ ಅಲ್ಲ ಮತ್ತೆ, ಈತ 1461ರಲ್ಲೇ ಸತ್ತವನು.

ಸಿಡಿಲು ಬಡಿದು ಇದರ ಗುಂಬಜಿನ ದೊಡ್ಡ ಭಾಗ ಬಿದ್ದುಹೋಗಿದೆ. ಒಳ್ಳೆಯದೇ ಆಯಿತು ಅನ್ನಬಾರದು, ಆದರೂ ಇಡೀ ಗುಂಬಜ್ ಮುಚ್ಚಿಡುವ ಗುಟ್ಟು ಇಲ್ಲಿ ಬಯಲಾಗಿದೆ. ಹೊರಗಿನಿಂದ ತೆಳ್ಳಗೆ ಕಾಣುವ ಗುಂಬಜ್ ಎಷ್ಟು ದಪ್ಪ, ನೋಡಿ! ಅದೂ ಅದನ್ನು ಹೊತ್ತ ಗೋಡೆಗಳೂ ಅಷ್ಟು ದಪ್ಪ ಯಾಕೆ? ಗೆಳತಿಯ ಎದುರು ನಿಂತು, ಅಂಗೈಗೆ ಅಂಗೈ ಒತ್ತಿ, ಇಬ್ಬರೂ ಮುಂದಕ್ಕೆ ಬಾಗಿ. ಕಾಲುಗಳು ಹಿಂದಕ್ಕೆ ಜಾರತೊಡಗುತ್ತವೆ, ಅಲ್ಲವೇ? ಗುಂಬಜಿನ ಭಾರವೂ ಕೆಳಗೆ ಮಾತ್ರ ಇಳಿಯುವುದಿಲ್ಲ, ಬುಡವನ್ನು ಹೊರಕ್ಕೂ ತಳ್ಳುತ್ತದೆ. ಆ ತಳ್ಳಾಟವನ್ನು ತಡೆಯಲೆಂದೇ ಕೆಳಗಿನ ಗೋಡೆಗಳು ಅಷ್ಟು ದಡೂತಿ.

ಕೋಣೆ ಚೌಕ, ಗುಂಬಜ್ ದುಂಡು. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ನಾಲ್ಕೂ ಮೂಲೆಗೆ ಅಡ್ಡಡ್ಡ ಕಮಾನು ಹಾಕಿದರೆ ಚೌಕ ಎಂಟು ಮೂಲೆಯದಾಗುತ್ತದೆ. ಎಂಟು ಮೂಲೆಯಿಂದ ದುಂಡಿಗೆ ದೂರವೇನಿಲ್ಲ.

ಇಷ್ಟು ಬಿದ್ದರೂ ಉಳಿದದ್ದು ನಿಂತಿದೆಯಲ್ಲ, ಅದಕ್ಕೆ ಆ ದಪ್ಪದ ಜೊತೆಗೆ ಗಾರೆಯೂ ಕಾರಣ. ಸುಣ್ಣದಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಮರಳು ಬೆರೆಸಿದರೆ ಗಾರೆ. ಅದು ವರ್ಷಗಟ್ಟಲೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರುತ್ತದೆ, ಹೀರುತ್ತಾ ಅದರಲ್ಲಿನ ಸುಣ್ಣ ಮತ್ತೆ ಕಲ್ಲೇ ಆಗಿಬಿಡುತ್ತದೆ!

ಹುಮಾಯೂನನಿಗೆ ಕ್ರೂರಿ ಎಂಬ ಹೆಸರಿತ್ತು. ಅದಕ್ಕೇ ಸಿಡಿಲು ಬಡಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಳಗೆ ಯಾರು ಮಲಗಿದ್ದಾರೆ ಎಂಬುದು ಸಿಡಿಲಿಗೆ ಗೊತ್ತಿಲ್ಲ. ಬಯಲಿನಲ್ಲಿ ಎತ್ತರಕ್ಕಿರುವುದಕ್ಕೆ ಅದು ಬಡಿಯುವ ಸಂಭವ ಹೆಚ್ಚು, ಅಷ್ಟೇ. ಕಲ್ಲು, ಗಾರೆಗಳ ಸಂದಿಯಲ್ಲಿ ತೇವ ಇದ್ದೇ ಇರುತ್ತದೆ. ಸಿಡಿಲಿನ ಕಾವಿಗೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಬೆಯಾಗುತ್ತದೆ. ಹಬೆಗೆ ನೀರಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜಾಗ ಬೇಕು. ಸಿಗದಿದ್ದರೆ ಗೋಡೆಯನ್ನೇ ಸಿಡಿಸುತ್ತದೆ. ಈಗಿನ ಎತ್ತರದ ಕಟ್ಟಡಗಳ ನೆತ್ತಿಯಿಂದ ನೆಲದವರೆಗೆ ತಾಮ್ರದ ಪಟ್ಟಿ ಇಳಿಸುವುದು ಇದಕ್ಕೇ: ವಿದ್ಯುತ್ತು ಗೋಡೆಯೊಳಗೆ ನುಗ್ಗದೆ ಆ ಪಟ್ಟಿಯಲ್ಲೇ ಇಳಿದು ಮಣ್ಣು ಸೇರುತ್ತದೆ.