‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ’: ಬಿಳಿ ಕ್ರೀಮಿನ ನೂರು ವರ್ಷ

“ಹುಡುಗಿ ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ.” ಹೆಣ್ಣು ನೋಡಿ ಬಂದವರ ಬಾಯಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ಹೇಳಿದವರಿಗೆ ಇದು ಹೊಗಳಿಕೆ. ಆದರೆ ಬಾಗಿಲ ಮರೆಯಲ್ಲಿ ನಿಂತ ಹುಡುಗಿಯ ಮನಸ್ಸಿನಲ್ಲಿ ಉಳಿಯುವುದು ಆ ‘ಇದ್ರೂ’ ಮಾತ್ರ. ಅದರ ಮೇಲೆಯೇ ನಮ್ಮ ದೇಶದಲ್ಲಿ ದೊಡ್ಡ ವ್ಯಾಪಾರ ಬೆಳೆಯಿತು. ಇವತ್ತು ಅದರ ಇತಿಹಾಸ ನೋಡೋಣ.

ಬಿಳಿಯ ಹುಚ್ಚು ಬ್ರಿಟಿಷರಿಂದಲೇ ಬಂತು ಅನ್ನುವವರಿದ್ದಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಮಹಾಭಾರತದ ದ್ರೌಪದಿಗೆ ಕೃಷ್ಣೆ ಎಂಬ ಹೆಸರಿದೆ, ಅಂದರೆ ಕಪ್ಪು ಬಣ್ಣದವಳು. ಅವಳನ್ನು ವರಿಸಲು ರಾಜರು ಸಾಲುಗಟ್ಟಿ ಬಂದಿದ್ದರು. ಅದೇ ನಾಡಿನಲ್ಲಿ ಚರಕ ಸಂಹಿತೆ ಮೈಬಣ್ಣ ತಿದ್ದುವ ಗಿಡಮೂಲಿಕೆಗಳನ್ನು ‘ವರ್ಣ್ಯ’ ಎಂದು ಬೇರೆಯಾಗಿ ಪಟ್ಟಿ ಮಾಡಿದೆ. ಬಿಸಿಲಲ್ಲಿ ಗೇಯುವವರ ಮೈ ಕಪ್ಪಾಗುತ್ತಿತ್ತು, ನೆರಳಲ್ಲಿ ಕೂತು ಉಣ್ಣುವವರ ಮೈ ತಿಳಿಯಾಗಿ ಉಳಿಯುತ್ತಿತ್ತು. ಹಾಗಾಗಿ ಬಣ್ಣಕ್ಕೆ ಜಾತಿಯ, ಅಂತಸ್ತಿನ ಗುರುತು ಅಂಟಿಕೊಂಡಿತು. ಆಮೇಲೆ ಆಳಲು ಬಂದವರೂ ಬಿಳಿಯರೇ ಆದಾಗ ಆ ಗುರುತು ಇನ್ನಷ್ಟು ಗಟ್ಟಿಯಾಯಿತು.

1919. ಮುಂಬಯಿಯಲ್ಲಿ ಇ. ಎಸ್. ಪಾಟನ್‌ವಾಲಾ ಎಂಬ ಉದ್ಯಮಿ ‘ಆಫ್ಘಾನ್ ಸ್ನೋ’ ಎಂಬ ಕ್ರೀಮನ್ನು ಮಾರುಕಟ್ಟೆಗೆ ತಂದರು. ‘ಸ್ನೋ’ ಅಂದರೆ ಹಿಮ. ಹಿಮವನ್ನೇ ಕಾಣದ ನಮ್ಮ ಹಳ್ಳಿಗಳಲ್ಲೂ “ಸ್ನೋ ಪೌಡರ್ ಹಾಕ್ಕೊಂಡು ಬಾ” ಅನ್ನುವ ಮಾತು ಬಳಕೆಗೆ ಬಂತು. ಅಜ್ಜಿಯರ ತಲೆಮಾರಿಗೆ ಅಲಂಕಾರ ಎಂದರೆ ಸ್ನೋ, ಪೌಡರ್, ಕಾಡಿಗೆ, ಕುಂಕುಮ, ಅಷ್ಟೇ.

1975ರಲ್ಲಿ ಹಿಂದೂಸ್ತಾನ್ ಲಿವರ್ ‘ಫೇರ್ ಆಂಡ್ ಲವ್ಲಿ’ ತಂದಿತು. ಅದರಲ್ಲಿದ್ದ ಮುಖ್ಯ ವಸ್ತು ನಯಾಸಿನಮೈಡ್, ಬಿ3 ವಿಟಮಿನ್ನಿನ ಒಂದು ರೂಪ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮೇಲಿನ ಕೋಶಗಳಿಗೆ ಸಾಗುವುದನ್ನು ಅದು ಸ್ವಲ್ಪ ತಡೆಯುತ್ತದೆ. ಪರಿಣಾಮ ಸಣ್ಣದು, ಹಚ್ಚುವುದು ಬಿಟ್ಟರೆ ಅದೂ ಇಲ್ಲ. ಆದರೆ ಟ್ಯೂಬಿನ ಮೇಲೆ ಅಚ್ಚಾಗಿದ್ದ ಚಿತ್ರ ನೆನಪಿದೆಯಾ? ಒಂದೇ ಹುಡುಗಿಯ ಎರಡು ಮುಖ, ಒಂದು ಕಪ್ಪು, ಇನ್ನೊಂದು ಬಿಳಿ. ಕಪ್ಪು ಮುಖ ಸಪ್ಪಗಿರುತ್ತಿತ್ತು, ಬಿಳಿ ಮುಖ ನಗುತ್ತಿತ್ತು.

ಟಿವಿ ಬಂದ ಮೇಲೆ ಈ ಚಿತ್ರಕ್ಕೆ ಕಥೆಯೂ ಸೇರಿತು. ಒಂದು ಜಾಹೀರಾತಿನಲ್ಲಿ ಬಡ ಅಪ್ಪ ತನಗೆ ಮಗನಿದ್ದಿದ್ದರೆ ಎಂದು ಕೊರಗುತ್ತಾನೆ. ಮಗಳು ಕ್ರೀಮ್ ಹಚ್ಚಿ ಬೆಳ್ಳಗಾಗಿ ಗಗನಸಖಿಯಾಗುತ್ತಾಳೆ, ಅಪ್ಪನ ಕೊರಗು ತೀರುತ್ತದೆ. ಹೆಣ್ಣಾಗಿ ಹುಟ್ಟಿದ ತಪ್ಪಿಗೂ ಕಪ್ಪಾಗಿ ಹುಟ್ಟಿದ ತಪ್ಪಿಗೂ ಒಂದೇ ಟ್ಯೂಬು! ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಇದನ್ನು ಬಿಡಲಿಲ್ಲ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರೆಗೂ ದೂರು ಒಯ್ದಿತು. 2003ರಲ್ಲಿ ಆ ಜಾಹೀರಾತು ನಿಂತಿತು.

2009ರಲ್ಲಿ ಚೆನ್ನೈನ ‘ವಿಮೆನ್ ಆಫ್ ವರ್ತ್’ ಸಂಸ್ಥೆ ‘ಡಾರ್ಕ್ ಈಸ್ ಬ್ಯೂಟಿಫುಲ್’ ಅಭಿಯಾನ ಶುರು ಮಾಡಿತು, ಮುಂದೆ ನಟಿ ನಂದಿತಾ ದಾಸ್ ಅದರ ಮುಖವಾದರು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ, ಕಪ್ಪು ಬಣ್ಣದವರನ್ನು ದುಃಖಿಗಳಂತೆ, ಸೋತವರಂತೆ ತೋರಿಸಬಾರದು ಎಂದು ನಿಯಮ ಮಾಡಿತು. 2020ರಲ್ಲಿ ಅಮೆರಿಕದಲ್ಲಿ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ ಎದ್ದ ಕಿಚ್ಚಿನ ನಡುವೆ ಕ್ರೀಮಿನ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ಅದೇ ವರ್ಷ ಜೂನಿನಲ್ಲಿ ಮದುವೆ ಸಂಬಂಧ ಹುಡುಕುವ ಜಾಲತಾಣ ಶಾದಿ ಡಾಟ್ ಕಾಮ್ ಮೈಬಣ್ಣದ ಮೇಲೆ ಹುಡುಕುವ ಸೌಲಭ್ಯವನ್ನು ತೆಗೆಯಿತು. ಗೆಲುವು ನಿಜ. ಆದರೆ ಹುಟ್ಟಲಿರುವ ಮಗು ಬೆಳ್ಳಗಾಗಲಿ ಎಂದು ಬಸುರಿಗೆ ಕೇಸರಿ ಹಾಲು ಕೊಡುವ ಮನೆಗಳು ಇವತ್ತಿಗೂ ಇವೆ. ಕೇಸರಿಗೂ ಮಗುವಿನ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ, ಬಣ್ಣ ಬರುವುದು ಅಪ್ಪ ಅಮ್ಮನ ವಂಶವಾಹಿಗಳಿಂದ.

ನನಗೆ ನಿಜವಾಗಿ ಭಯವಾಗುವುದು ಜಾಹೀರಾತಿಲ್ಲದೆ ಮಾರಾಟವಾಗುವ ಕ್ರೀಮುಗಳ ಬಗ್ಗೆ. ಗೆಳತಿಗೆ ಗೆಳತಿ ಹೇಳಿ, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಮುಲಾಮುಗಳು. ವಾರದಲ್ಲೇ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ, ಉರಿ ತಡೆಯಲು ಮತ್ತೆ ಅದೇ ಮುಲಾಮು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಆದೇಶಿಸಿತು.

ಈ ವಿಡಿಯೋ ಮುಗಿದ ಮೇಲೆ ನಿಮ್ಮ ಮನೆಯ ಕನ್ನಡಿಯ ಮುಂದಿರುವ ಟ್ಯೂಬನ್ನು ತಿರುಗಿಸಿ, ಹಿಂದಿನ ಸಣ್ಣಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಈ ಮೂರರಲ್ಲಿ ಯಾವುದಾದರೂ ಇದ್ದು, ಅದನ್ನು ಬೆಳ್ಳಗಾಗಲೆಂದು ಹಚ್ಚುತ್ತಿದ್ದರೆ, ಟ್ಯೂಬನ್ನೂ ಹಿಡಿದುಕೊಂಡು ಚರ್ಮವೈದ್ಯರ ಹತ್ತಿರ ಹೋಗಿ. ತಂಗಿಯೋ ಮಗಳೋ ಹಚ್ಚುತ್ತಿದ್ದರೆ ಬೈಯಬೇಡಿ, ಜೊತೆಗೆ ಹೋಗಿ.