ವಿಷದ ಬಾಗಿಲಲ್ಲೇ ಮದ್ದು

ಹೊಲಕ್ಕೆ ಕೀಟನಾಶಕವನ್ನು ಸಿಂಪಡಿಸುತ್ತಿದ್ದವನು ಜೊಲ್ಲು ಸುರಿಸುತ್ತ ಕುಸಿದರೆ, ಒಳಗೆ ಕೆಟ್ಟಿರುವುದೇನೆಂಬುದನ್ನು ನಾವು ತಿಳಿದಿರಬೇಕು. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವು ದೂತನಂತೆ ಹೊರಟು, ಸ್ನಾಯುಗಳಿಗೂ ಗ್ರಂಥಿಗಳಿಗೂ ಆಜ್ಞೆಯನ್ನು ಮುಟ್ಟಿಸುತ್ತದೆ. ಒಡನೆಯೇ ಕಿಣ್ವವೊಂದು ಅದನ್ನು ಒಡೆದುಹಾಕುತ್ತದೆ.

ಕ್ಯುರಾರೆ ಎಂಬ ಬಾಣವಿಷವು ಸ್ನಾಯುವಿನಲ್ಲಿ ಈ ದೂತನಿಗೆ ಎಡೆಗೊಡದೆ ಉಸಿರನ್ನು ನಿಲ್ಲಿಸುತ್ತದೆ. ಅದನ್ನೇ 1942ರಲ್ಲಿ ಮಾಂಟ್ರಿಯಲ್ಲಿನ ವೈದ್ಯ ಹೆರಾಲ್ಡ್ ಗ್ರಿಫಿತ್ ಅವರು ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಬಳಸಿದರು.

ಆರ್ಗನೊಫಾಸ್ಫೇಟ್ ಕೀಟನಾಶಕಗಳ ಬಗೆ ಬೇರೆ: ಅವು ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಆಜ್ಞೆಗೆ ಕೊನೆಯಿಲ್ಲ. ಕಣ್ಣಪಾಪೆ ಕಿರಿದಾಗುತ್ತದೆ, ಶ್ವಾಸನಾಳಗಳಲ್ಲಿ ದ್ರವ ತುಂಬುತ್ತದೆ. ವೈದ್ಯರು ಚುಚ್ಚುವ ಅಟ್ರೊಪೀನು ಗ್ರಂಥಿಗಳಲ್ಲಿ ಆ ದೂತನನ್ನು ತಡೆದು ಪ್ರಾಣವುಳಿಸುತ್ತದೆ. ನಮ್ಮ ಬೇಲಿಯ ಉಮ್ಮತ್ತಿಯಲ್ಲಿಯೂ ಇರುವ ವಿಷವಿದು. ಆದರೆ ಉಮ್ಮತ್ತಿಯನ್ನು ಮನೆಯಲ್ಲಿ ಅರೆದು ಕುಡಿಸತಕ್ಕದ್ದಲ್ಲ: ಅಳತೆಯಿಲ್ಲದ ಮದ್ದು ಮತ್ತೆ ವಿಷವೇ. ಬಟ್ಟೆ ಕಳಚಿ, ಮೈತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯುವುದೇ ನಮ್ಮ ಕರ್ತವ್ಯ.