ಮಂಡಿಕೀಲು ಬದಲಾವಣೆ: ಬೇಕೇ? ಬೇಕಾದರೆ ಯಾವಾಗ?



ಪುಣೆಯ ಪರ್ವತಿ ಬೆಟ್ಟಕ್ಕೆ ನೂರಕ್ಕೂ ಮಿಕ್ಕಿ ಮೆಟ್ಟಿಲುಗಳಿವೆ. ಈ ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹಿರಿಯರಲ್ಲಿ ಹಲವರು ಒಂದು ಕಾಲಕ್ಕೆ ಅವನ್ನು ನಿರಾಯಾಸವಾಗಿ ಏರಿದವರೇ. ಅರವತ್ತು ದಾಟಿದ ಮೇಲೆ ಮನೆಯ ಮೆಟ್ಟಿಲೇ ಬೆಟ್ಟವಾದಾಗ, ಮಂಡಿಕೀಲನ್ನು ಬದಲಾಯಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಏಳುತ್ತದೆ.

ತೊಡೆಯ ಮೂಳೆಯೂ ಅದರ ಕೆಳಗಿನ ಮೂಳೆಯೂ ಕೂಡುವ ತುದಿಗಳನ್ನು ನುಣುಪಾದ ಮೃದ್ವಸ್ಥಿಯ ಪದರ ಹೊದ್ದಿರುತ್ತದೆ. ವಯಸ್ಸು, ದೇಹದ ತೂಕ, ಹಳೆಯ ಪೆಟ್ಟು ಮೊದಲಾದ ಕಾರಣಗಳಿಂದ ಈ ಪದರ ಸವೆದಾಗ ನೋವು, ಬಿಗಿತ, ಬಾವು ತಲೆದೋರುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಸವೆದ ಭಾಗವನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಕೀಲನ್ನು ಜೋಡಿಸಲಾಗುತ್ತದೆ.

ಕ್ಷ-ಕಿರಣ ಚಿತ್ರವೊಂದನ್ನೇ ನೋಡಿ ತೀರ್ಮಾನಿಸುವುದು ಸಲ್ಲದು. ಸವೆತ ಹೆಚ್ಚಿದ್ದರೂ ನೋವು ಅಲ್ಪವಾಗಿರುವವರುಂಟು. ಮೊದಲು ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ತೂಕದ ಇಳಿಕೆ, ವೈದ್ಯರು ಸೂಚಿಸಿದ ಔಷಧಿ, ನೋವಿರುವ ಮಂಡಿಯ ಎದುರು ಬದಿಯ ಕೈಯಲ್ಲಿ ಊರುಗೋಲು ಇವುಗಳನ್ನು ಕೆಲವು ತಿಂಗಳು ಶ್ರದ್ಧೆಯಿಂದ ಅನುಸರಿಸಬೇಕು. ಆ ಮೇಲೂ ನೋವು ನಿದ್ರೆ ಕೆಡಿಸುತ್ತಿದ್ದರೆ, ನಡಿಗೆ ಮನೆಯೊಳಗೆ ಸೀಮಿತವಾಗಿದ್ದರೆ, ಶಸ್ತ್ರಚಿಕಿತ್ಸೆಯ ವಿಚಾರ ಯೋಗ್ಯ.

ಅವಸರವೂ ವಿಳಂಬವೂ ಹಿತವಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಮಾಡಿಸಿಕೊಂಡರೆ ಮುಂದೆ ಕೃತಕ ಕೀಲು ಸವೆದು ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ತೀರ ತಡಮಾಡಿದರೆ ಸ್ನಾಯುಗಳು ಬಡವಾಗಿ, ಕಾಲು ಬಾಗಿ, ಚೇತರಿಕೆ ಕಷ್ಟವಾಗುತ್ತದೆ. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರು ಎಪ್ಪತ್ತೈದು ದಾಟಿದ ಮೇಲೆ, ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ 2000ದಲ್ಲಿ ಒಂದು ಮಂಡಿಗೂ 2001ರಲ್ಲಿ ಇನ್ನೊಂದಕ್ಕೂ ಈ ಚಿಕಿತ್ಸೆ ಪಡೆದರು. ವಯಸ್ಸೊಂದೇ ಅಡ್ಡಿಯಲ್ಲ, ಎರಡೂ ಮಂಡಿಗಳಿಗೆ ಒಮ್ಮೆಗೇ ಮಾಡಿಸಬೇಕೆಂಬ ಕಡ್ಡಾಯವೂ ಇಲ್ಲ.

ಮಧುಮೇಹ, ರಕ್ತದೊತ್ತಡಗಳು ಹತೋಟಿಯಲ್ಲಿರಬೇಕು. ಹಲ್ಲು, ಚರ್ಮ, ಮೂತ್ರದ ಸೋಂಕು ಮೊದಲೇ ಗುಣವಾಗಿರಬೇಕು. ಸೋಂಕು, ರಕ್ತ ಹೆಪ್ಪುಗಟ್ಟುವಿಕೆ ಮುಂತಾದ ಅಪಾಯಗಳು ವಿರಳವಾದರೂ ಇಲ್ಲದಿಲ್ಲ. ಬಹುಪಾಲು ಜನರ ನೋವು ಗಣನೀಯವಾಗಿ ತಗ್ಗುತ್ತದೆ. ಆದರೆ ಹತ್ತರಲ್ಲಿ ಒಬ್ಬಿಬ್ಬರಿಗೆ ಪೂರ್ಣ ಸಮಾಧಾನ ದೊರೆಯದು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕುರುಗಾಲಿನಲ್ಲಿ ಕೂರುವುದು ಅನೇಕರಿಗೆ ಮತ್ತೆ ಸಾಧ್ಯವಾಗದು. ಈ ಸಂಗತಿಯನ್ನು ವೈದ್ಯರಲ್ಲಿ ಮೊದಲೇ ಕೇಳಿ ತಿಳಿಯತಕ್ಕದ್ದು. ಅಂಗಸಾಧನೆಗೆ ವಾರಗಟ್ಟಲೆ ಶ್ರಮಿಸುವ ಸಂಕಲ್ಪವೂ, ಮನೆಯಲ್ಲಿ ನೆರವಿಗೊಬ್ಬರೂ ಬೇಕು.

ಖರ್ಚಿನ ಚಿಂತೆಯೂ ಸಹಜವೇ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಕೀಲುಗಳಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಅದುವರೆಗೆ ಸರಾಸರಿ ಒಂದೂವರೆ ಲಕ್ಷ ರೂಪಾಯಿ ಮೀರಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ, ತೆರಿಗೆ ಹೊರತುಪಡಿಸಿ, ಆಗ 54,720 ರೂಪಾಯಿ ನಿಗದಿಯಾಯಿತು. ಆಸ್ಪತ್ರೆಯ ಇತರ ವೆಚ್ಚ ಇದರಲ್ಲಿ ಸೇರಿಲ್ಲ. ಆದ್ದರಿಂದ ಕೀಲಿನ ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸುವಂತೆ ಕೇಳಬೇಕು.

ಮಕ್ಕಳ ಒತ್ತಾಯಕ್ಕಾಗಲಿ, ನೆರೆಯವರ ಭಯದ ಮಾತಿಗಾಗಲಿ ಈ ತೀರ್ಮಾನವನ್ನು ಬಿಡಬಾರದು. ನೋವು ಉಣ್ಣುವವರು ತಮ್ಮ ಅಗತ್ಯವನ್ನು ತಾವೇ ಅರಿತು, ಸಂದೇಹವಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆದು, ನಿಧಾನವಾಗಿ ನಿರ್ಧರಿಸುವುದೇ ಕ್ಷೇಮಕರ.